ಬ್ಯಾಟರಿಗೆ ಬರೆದ ಅರ್ಜಿ

ಸುರಪುರ
೩ ಫೆಬ್ರವರಿ ೨೦೨೫

ಗೆ,
ಗಯಾಸ, ಲ್ಯಾಪ್‌ಟಾಪ್ ರಿಪೇರಿ ಅಂಗಡಿ, ಯಾದಗಿರಿ.

ಇಂದ,
ಮದೀನಾಬೀ, ಅರ್ಜಿ ಬರೆಯುವವಳು, ತಾಲ್ಲೂಕು ಕಚೇರಿ ಎದುರಿನ ಬೇವಿನ ಗಿಡದ ಬುಡ, ಸುರಪುರ.

ವಿಷಯ: ನೀನು ಕೊಟ್ಟ ಲ್ಯಾಪ್‌ಟಾಪು ಹೇಳದೆ ಕೇಳದೆ ಸಾಯುತ್ತಿರುವ ಕುರಿತು.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಿಳಿಸುವುದೇನೆಂದರೆ, ನಾನು ನಿನ್ನ ಜೊತೆ ಮಾತು ಬಿಟ್ಟು ಹದಿನಾಲ್ಕು ತಿಂಗಳಾಯಿತು. ಈಗಲೂ ಬಿಟ್ಟೇ ಇದ್ದೇನೆ. ಅಬ್ಬಾ ತೀರಿಕೊಂಡು ನಲವತ್ತು ದಿನ ಆಗಿರಲಿಲ್ಲ, ಅವರ ಟೈಪ್‌ರೈಟರನ್ನು ಯಾರೋ ಹೈದರಾಬಾದಿನವನಿಗೆ ಮಾರಿ, ಅದರ ಬದಲು ಈ ಕರಿ ಪೆಟ್ಟಿಗೆಯನ್ನು ತಂದು ನನ್ನ ತೊಡೆಯ ಮೇಲಿಟ್ಟವನು ನೀನು. ಒಡಹುಟ್ಟಿದ ಅಕ್ಕನನ್ನು ಒಂದು ಮಾತು ಕೇಳಲಿಲ್ಲ. ಆ ಮಶೀನು ಮನೆಗೆ ವಾಪಸ್ ಬರುವವರೆಗೆ ಮಾತಿಲ್ಲ ಎಂದು ಅಂದೇ ಹೇಳಿದ್ದೇನೆ. ಫೋನೆಂದರೆ ಮಾತು. ವಾಟ್ಸಾಪೂ ಮಾತೇ. ಅರ್ಜಿ ಮಾತ್ರ ಮಾತಲ್ಲ, ಅದು ಕಾಗದ. ಮನೆಯಲ್ಲಿ ದಖನಿ ಉರ್ದು ಆಡಿದರೂ ಕಾಗದದಲ್ಲಿ ಕನ್ನಡವೇ ಇರಬೇಕೆಂದು ಅಬ್ಬಾ ಕಲಿಸಿದ ಪ್ರಕಾರ ಇದನ್ನು ಬರೆದು, ಬಸ್ಸಿನ ಕಂಡಕ್ಟರ್ ಅರುಣಕುಮಾರನ ಕೈಯಲ್ಲಿ ಕಳಿಸುತ್ತಿದ್ದೇನೆ.

ಇಂದು ಬೆಳಿಗ್ಗೆ ಕುರಿ ಸಾಕುವ ಶೇಖಮ್ಮ ವಿಧವಾ ವೇತನಕ್ಕೆ ಅರ್ಜಿ ಬರೆಸಲು ಬಂದಳು. "ಅರ್ಜಿದಾರಳ ಗಂಡನು ಅಕಾಲಿಕವಾಗಿ ಮರಣ ಹೊಂದಿದ್ದು" ಎನ್ನುವವರೆಗೆ ಟೈಪು ಮಾಡಿದ್ದೆ, ಪರದೆ ಕಪ್ಪಾಯಿತು. ಶೇಖಮ್ಮ ಇಣುಕಿ ನೋಡಿ, "ಯಕ್ಕಾ, ನನ್ನ ಗಂಡನೂ ಹಿಂಗs ಹೋದ ನೋಡು, ಒಂದು ಮಾತಿಲ್ಲ ಕತಿಯಿಲ್ಲ" ಎಂದು ಅಳತೊಡಗಿದಳು. ಅವಳನ್ನು ಸಮಾಧಾನ ಮಾಡಲೋ, ಪೆಟ್ಟಿಗೆಯನ್ನು ಬಡಿಯಲೋ?

ಇದೇ ೨೪ನೇ ತಾರೀಖು ಕಚೇರಿಯಲ್ಲಿ ಪಿಂಚಣಿ ಅದಾಲತ್ತು ಇದೆ. ಶೇಖಮ್ಮ ಸುತ್ತಲ ಹಳ್ಳಿಯ ಮೂವತ್ತು ಹೆಣ್ಣುಮಕ್ಕಳನ್ನು ಕರೆದುಕೊಂಡು ಬರುತ್ತೇನೆ ಎಂದಿದ್ದಾಳೆ. ಕೈಬರಹ ಅವರಿಗೆ ಬೇಡ. "ಕೈಲೆ ಬರಿಯೂದಾದ್ರ ನಮ್ಮ ಅಳಿಯಾನೂ ಬರೀತಾನ, ಅಚ್ಚಾದ ಅಕ್ಷರ ಬೇಕು" ಎನ್ನುತ್ತಾರೆ. ಗಿಡದ ಬುಡದಲ್ಲಿ ಪ್ಲಗ್ಗಿಲ್ಲ. ಎದುರಿನ ಖಾಜಾಬೀಯ ಅಂಗಡಿಯಲ್ಲಿ ಇರುವ ಒಂದೇ ಪ್ಲಗ್ಗು ಅವಳ ಜೆರಾಕ್ಸಿಗೆ. ಪೆನ್‌ಡ್ರೈವಿನಿಂದ ಅರ್ಜಿ ಅಚ್ಚು ಹಾಕಿ ಕೊಡುತ್ತಾಳಲ್ಲ, ಅದೇ ಅವಳ ಉಪಕಾರ. ಅಂದು ಪೆಟ್ಟಿಗೆ ಕೈಕೊಟ್ಟರೆ ಅಷ್ಟೂ ಜನ ಇನ್ವರ್ಟರಿಟ್ಟುಕೊಂಡು ಕೂತಿರುವ ಅಮೀನುದ್ದೀನನ ಅಂಗಡಿಗೆ ಹೋಗುತ್ತಾರೆ. ಒಮ್ಮೆ ಹೋದವರು ತಿರುಗಿ ಬರುವುದಿಲ್ಲ. ಅಬ್ಬಾ ಮೂವತ್ತೆಂಟು ವರ್ಷ ಕೂತ ಜಾಗ ನನ್ನ ಕೈಯಲ್ಲಿ ಹೋಗುತ್ತದೆ.

ಆದಕಾರಣ ಕೂಡಲೇ ಕ್ರಮ ಜರುಗಿಸುವುದು.

ನಿನ್ನ ವಿಶ್ವಾಸಿಯಲ್ಲದ,
ಮದೀನಾಬೀ


ಯಾದಗಿರಿ
೫ ಫೆಬ್ರವರಿ

ಆಪಾಗೆ ಸಲಾಂ.

ಕಾಗದ ಮುಟ್ಟಿತು. ಹದಿನಾಲ್ಕು ತಿಂಗಳ ಮೇಲೆ ನಿನ್ನ ಹೆಸರು ನೋಡಿ ಖುಷಿಯಾಯಿತು. ಓದಿದ ಮೇಲೆ ಖುಷಿ ಇಳಿಯಿತು.

ಬ್ಯಾಟರಿ ಹೊಸದು ಆಪಾ. ನಾನೇ ಕೈಯಾರೆ ಹಾಕಿದ್ದೇನೆ. ತೊಂದರೆ ಏನೆಂದರೆ, ಪರದೆಯ ಬಲಗಡೆ ಮೂಲೆ ಕಪ್ಪಾಗಿದೆಯಲ್ಲ, ಬ್ಯಾಟರಿ ಎಷ್ಟು ಉಳಿದಿದೆ ಎಂದು ತೋರಿಸುವ ಚಿತ್ರ ಅಲ್ಲೇ ಅಡಗಿ ಕೂತಿದೆ. ನೋಡಲು ಆಗುವುದಿಲ್ಲ, ಕೇಳಬೇಕು. Ctrl, Alt, T ಮೂರನ್ನೂ ಒಟ್ಟಿಗೆ ಒತ್ತು. ಒಂದು ಕರಿ ಕಿಟಕಿ ತೆರೆಯುತ್ತದೆ. ನಿನಗೆ ಏನು ಬೇಕೋ ಅದನ್ನು ಅದರೊಳಗೆ ಬರೆದು ಎಂಟರ್ ಒತ್ತಿದರೆ ಉತ್ತರ ಕೊಡುತ್ತದೆ. ಬರೆಯುವುದು ನಿನಗೇನು ಹೊಸದೇ?

ಅರುಣಕುಮಾರ ಹಾರ್ನು ಹೊಡೆಯುತ್ತಿದ್ದಾನೆ. ಹಾಂ, ಮಶೀನು ಮಾರಿ ಆಗಿದೆ, ಅದನ್ನು ಮರೆತುಬಿಡು.

ಗಯಾಸ


ಸುರಪುರ
೮ ಫೆಬ್ರವರಿ

ವಿಷಯ: ಕರಿ ಕಿಟಕಿಯ ದುರಹಂಕಾರದ ಕುರಿತು.
ಉಲ್ಲೇಖ: ನಿನ್ನ ಕಾಗದ, ದಿನಾಂಕ ೫.

ನೀನು ಹೇಳಿದಂತೆ ಕಿಟಕಿ ತೆರೆದು, ಏನು ಬೇಕೋ ಅದನ್ನು ಬರೆದೆ. ಪ್ರತಿಯನ್ನು ಇಲ್ಲಿ ಕೊಟ್ಟಿದ್ದೇನೆ:

"ಮಾನ್ಯರೇ, ನಾನು ಮೇಲ್ಕಂಡ ವಿಳಾಸದ ಖಾಯಂ ನಿವಾಸಿಯಾಗಿದ್ದು, ಬಡ ಹೆಣ್ಣುಮಗಳಾಗಿರುತ್ತೇನೆ. ಅರ್ಜಿ ಬರೆಯುವುದೇ ನನ್ನ ಜೀವನಾಧಾರ. ತಾವು ದಯಮಾಡಿ ಬ್ಯಾಟರಿ ಎಷ್ಟು ಉಳಿದಿದೆ ಎಂಬುದನ್ನು ತಿಳಿಸಿಕೊಡಬೇಕಾಗಿ ಈ ಮೂಲಕ ಕೋರುತ್ತೇನೆ."

ಪ್ರತಿ ಸಾಲಿಗೂ ಎಂಟರ್ ಒತ್ತಿದೆ. ಪ್ರತಿ ಸಾಲಿಗೂ ಇಂಗ್ಲಿಷಿನಲ್ಲಿ ಒಂದೇ ಜವಾಬು ಬಂತು. ಖಾಜಾಬೀಯನ್ನು ಕರೆದು ಓದಿಸಿದೆ. "ಹುಕುಂ ಸಿಗಲಿಲ್ಲ ಅಂತದ" ಎಂದಳು. ಹುಕುಂ ಸಿಗದಿದ್ದರೆ ಹುಡುಕಬೇಕಾದವರು ಅವರೇ ತಾನೇ? ಕಡತ ಕಳೆದಿರಬೇಕೆಂದು ತಿಳಿದು ಒಂದು ನೆನಪೋಲೆ ಹಾಕಿದೆ. ಅದೇ ಜವಾಬು. ಆಮೇಲೆ ನನಗೆ ಸಿಟ್ಟು ನೆತ್ತಿಗೇರಿ ಎರಡು ಪುಟದ ಮೇಲ್ಮನವಿ ಹಾಕಿದೆ, ಅಬ್ಬಾನ ಹೆಸರು, ಅವರ ಮೂವತ್ತೆಂಟು ವರ್ಷದ ಸೇವೆ ಎಲ್ಲ ಸೇರಿಸಿ. ಅದು ಮುಗಿಯುವಷ್ಟರಲ್ಲಿ ಬ್ಯಾಟರಿ ಸತ್ತಿತು. ಗಿಡದ ಕೆಳಗೆ ಕಾದಿದ್ದ ಇಬ್ಬರು ಗಿರಾಕಿಗಳು ಅಮೀನುದ್ದೀನನ ಅಂಗಡಿಗೆ ಹೋದರು.

ಇದಕ್ಕಿಂತ ಸೊಕ್ಕಿನ ಗುಮಾಸ್ತನನ್ನು ನಾನು ನೋಡಿಲ್ಲ. ಇದಕ್ಕೆ ಮೇಲಧಿಕಾರಿ ಯಾರು?

ಮದೀನಾಬೀ


ಯಾದಗಿರಿ
೧೦ ಫೆಬ್ರವರಿ

ಆಪಾ,

ನಿನ್ನ ಕಾಗದ ಓದುವಾಗ ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ನಾನು ನಕ್ಕಿದ್ದು ನೋಡಿ ಅವರೂ ಕಾರಣ ಗೊತ್ತಿಲ್ಲದೆ ನಕ್ಕರು. ಸಿಟ್ಟಾಗಬೇಡ, ತಪ್ಪು ನನ್ನದು, ಬರೆಯಬೇಕಾದ ಮಾತನ್ನೇ ಹೇಳಿರಲಿಲ್ಲ. ಅದಕ್ಕೆ ಮಾನ್ಯರೇ, ದಯಮಾಡಿ ಯಾವುದೂ ಬೇಡ. ಅದು ಅರ್ಜಿ ತೆಗೆದುಕೊಳ್ಳುವುದಿಲ್ಲ, ಹುಕುಂ ತೆಗೆದುಕೊಳ್ಳುತ್ತದೆ. ನೀನೇ ಸಾಹೇಬ, ಅದು ಜವಾನ.

ಎಷ್ಟು ಉಳಿದಿದೆ ಎಂದು ತಿಳಿಯಲು ಇಷ್ಟೇ ಬರಿ:

acpi -b

ಪರದೆಯ ಬೆಳಕು ಇಳಿಸಲು:

sudo brightnessctl set 15%

ಮುಂದಿರುವ sudo ಅಂದರೆ ಸಾಹೇಬರ ಸಹಿ ಬಿದ್ದಂತೆ. ಪಾಸ್‌ವರ್ಡ್ ಕೇಳುತ್ತದೆ. ಒತ್ತಿದ ಅಕ್ಷರ ಕಾಣುವುದಿಲ್ಲ, ಗಾಬರಿಯಾಗಬೇಡ. ಕಡಿಮೆ ತಿಂದು ಹೆಚ್ಚು ದುಡಿ ಎಂದು ಹೇಳಲು:

powerprofilesctl set power-saver

ಗಿರಾಕಿ ಚಹಾಕ್ಕೆ ಎದ್ದು ಹೋದರೆ ನಿದ್ದೆ ಮಾಡಿಸಲು systemctl suspend. ಇಷ್ಟು ಸಾಕು ನಿನಗೆ. upower -d ಎಂದು ಇನ್ನೊಂದು ಇದೆ, ಅದು ನಮ್ಮಂಥ ರಿಪೇರಿಯವರಿಗೆ. ನೀನು ಅದರ ಗೊಡವೆಗೆ ಹೋಗಬೇಡ.

ಗಯಾಸ


ಸುರಪುರ
೧೨ ಫೆಬ್ರವರಿ

ವಿಷಯ: upower -d ಗೊಡವೆಗೆ ಹೋದ ಕುರಿತು.

ಬೇಡ ಎಂದು ನೀನು ಬರೆದದ್ದನ್ನೇ ಎಲ್ಲಕ್ಕಿಂತ ಮೊದಲು ಬರೆದೆ. ನಾನು ಅಬ್ಬಾನ ಮಗಳು. ಕಡತದಲ್ಲಿ ಯಾವ ಪುಟ ತಿರುವಬೇಡ ಎನ್ನುತ್ತಾರೋ ಅದೇ ಪುಟ ತಿರುವುತ್ತೇನೆ.

ಈ ಗುಮಾಸ್ತ ಸೊಕ್ಕಿನವನಾದರೂ ಸುಳ್ಳು ಹೇಳುವವನಲ್ಲ. ಒಂದೇ ಉಸಿರಿಗೆ ಎಲ್ಲ ಒಪ್ಪಿಸಿದ. ಖಾಜಾಬೀ ಓದಿ ಹೇಳಿದ ಪ್ರಕಾರ ಈ ಬ್ಯಾಟರಿ ಹುಟ್ಟಿದಾಗ ೪೭ ತುಂಬುತ್ತಿತ್ತು, ಈಗ ೧೮ ತುಂಬುತ್ತದೆ. ಸಾವಿರದ ನೂರಾ ಆರು ಸಲ ತುಂಬಿ ಖಾಲಿಯಾಗಿದೆ. ನನ್ನ ಕೈಗೆ ಬಂದು ಹದಿನಾಲ್ಕು ತಿಂಗಳು, ದಿನಕ್ಕೊಂದು ಸಲ ಎಂದರೂ ನಾನೂರು ಚಿಲ್ಲರೆ. ಉಳಿದ ಏಳುನೂರು ಸಲ ಯಾರು ತುಂಬಿದರು ಗಯಾಸ? ಹೊಸದು ಅಂದೆಲ್ಲೋ, ನಾಚಿಕಿ ಬರ್ಲಿಲ್ಲೇನ್ ನಿನಗ? ಅಕ್ಕನ ಮುಂದ ಹಸೀ ಸುಳ್ಳು ಹೇಳ್ತಿ, ಮತ್ತ ಕೈಯಾರ ಹಾಕೀನಿ ಅಂತಿ!

ಉಳಿದ ಹುಕುಂಗಳು ಸರಿ ಇವೆ. ಆದರೆ ಬೆಳಕು ೧೫ಕ್ಕೆ ಇಳಿಸಿದರೆ ಬಿಸಿಲಿಗೆ ಏನೂ ಕಾಣುವುದಿಲ್ಲ. ತಲೆಯ ಮೇಲೆ ಕರಿ ಚಾದರ ಹೊದ್ದು, ಪೆಟ್ಟಿಗೆಯನ್ನೂ ಅದರೊಳಗೆ ಸೇರಿಸಿಕೊಂಡು ಟೈಪು ಮಾಡುತ್ತಿದ್ದೇನೆ. ನಿನ್ನೆ ರಂಗಂಪೇಟೆಯ ಒಬ್ಬ ಮುದುಕ ಎದುರಿಗೆ ಬಂದು ನೆಟ್ಟಗೆ ಕೂತು, "ಪಾಸ್‌ಪೋರ್ಟ್ ಸೈಜಿಂದು ನಾಕು ತೆಗಿಯಮ್ಮ" ಎಂದ.

ಅದಾಲತ್ತಿಗೆ ಹನ್ನೆರಡು ದಿನ ಉಳಿದಿದೆ. ಹೊಸ ಬ್ಯಾಟರಿ ಬರಬೇಕು. ಬೇರೆ ಏನೇನು ಸುಳ್ಳು ಹೇಳಿದ್ದೀಯೋ ಅದನ್ನೂ ಇದೇ ಬಸ್ಸಿಗೆ ಕಳಿಸು.

ಮದೀನಾಬೀ


ಯಾದಗಿರಿ
೧೫ ಫೆಬ್ರವರಿ

ಆಪಾ,

ಸಾಲ್ಡರ್ ಮಾಡುವಾಗ ಬಲಗೈ ಬೆರಳು ಸುಟ್ಟುಕೊಂಡಿದ್ದೇನೆ. ಪೆನ್ನು ಹಿಡಿಯಲಾಗುತ್ತಿಲ್ಲ. ಅದಕ್ಕೇ ಈ ಕಾಗದ ಟೈಪಾಗಿದೆ.

ನೀನು ಹೇಳಿದ್ದು ನಿಜ. ಲ್ಯಾಪ್‌ಟಾಪು ಕಡೇಚೂರಿನ ಕಡೆಯ ಒಂದು ಕಂಪನಿಯವರು ಹಳತಾಯಿತೆಂದು ತೆಗೆದುಹಾಕಿದ್ದು. ನಾನು ತೊಳೆದು ಒರೆಸಿ ಕೊಟ್ಟೆ. ಹೊಸದು ಎಂದು ಹೇಳದಿದ್ದರೆ ನೀನು ಮುಟ್ಟುತ್ತಿರಲಿಲ್ಲ. ಹೈದರಾಬಾದಿಗೆ ಹೇಳಿದ್ದೇನೆ, ಹೊಸ ಬ್ಯಾಟರಿ ೨೨ಕ್ಕೆ ಬರುತ್ತದೆ. ಬೇರೆ ಸುಳ್ಳು ಯಾವುದೂ ಇಲ್ಲ.

ಗಯಾಸ


ಸುರಪುರ
೧೭ ಫೆಬ್ರವರಿ

ಪ್ರೀತಿಯ ತಮ್ಮ ಗಯಾಸನಿಗೆ,

ಬೆರಳು ಹೇಗಿದೆ? ಜೇನುತುಪ್ಪ ಹಚ್ಚು. ಆದದ್ದು ಆಯಿತು, ಬ್ಯಾಟರಿಯ ಮೇಲೆ ನನಗೆ ಸಿಟ್ಟಿಲ್ಲ. ನಿನ್ನ ಟೈಪು ಮಾಡಿದ ಕಾಗದ ನೋಡಿ ಬಹಳ ಸಂತೋಷವಾಯಿತು. ಅಕ್ಷರ ಮುತ್ತು ಪೋಣಿಸಿದ ಹಾಗಿದೆ. ಯಾರು ಟೈಪು ಮಾಡಿಕೊಟ್ಟರು? ಯಾರ ಮಶೀನು? ಇನ್ನೊಂದು ಕಾಗದ ಬರೆಸಿ ಕಳಿಸು, ಸ್ವಲ್ಪ ಉದ್ದ ಇರಲಿ.

ನಿನ್ನ ಆಪಾ


ಯಾದಗಿರಿ
೧೯ ಫೆಬ್ರವರಿ

ನನ್ನ ಮುದ್ದಿನ ಆಪಾಗೆ ಸಾವಿರ ಸಲಾಂ.

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಪ್ರೀತಿಯ ತಮ್ಮ ಎಂದು ಬರೆದಿದ್ದೀಯ! ಅರುಣಕುಮಾರನಿಗೂ ತೋರಿಸಿದೆ. ಅವನು, "ಅಕ್ಕಾರು ಹಿಂಗ ಬರದಾರಂದ್ರ ಏನೋ ಐತಿ, ಹುಷಾರ್" ಎಂದ. ಅವನಿಗೇನು ಗೊತ್ತು ಅಕ್ಕ ತಮ್ಮಂದಿರ ಕರುಳು?

ಟೈಪು ಮಾಡಿಕೊಡುವವನು ಪಕ್ಕದ ಅಂಗಡಿಯ ಮುಜಫರ. ಮಶೀನು ಅವನದೇ. ಬಹಳ ಒಳ್ಳೆಯ ಮನುಷ್ಯ.

ಒಂದು ಕೆಟ್ಟ ಸುದ್ದಿ ಇದೆ. ಬ್ಯಾಟರಿ ಬರುವುದು ೨೫ಕ್ಕೆ ಎನ್ನುತ್ತಾರೆ. ಅದಾಲತ್ತಿಗೆ ಒಂದು ದಿನ ತಡ. ನಾಲ್ಕೂ ಕಡೆ ಕೇಳಿದೆ, ಆ ಮಾಡೆಲ್ಲಿನದು ಶಹಾಪುರದಲ್ಲೂ ಇಲ್ಲ, ಇಲ್ಲೂ ಇಲ್ಲ. ಹಳೆಯದರಲ್ಲೇ ನಡೆಸಬೇಕು. ಹುಕುಂಗಳನ್ನು ಮರೆಯಬೇಡ.

ನಿನ್ನ ಗಯಾಸ


ಸುರಪುರ
೨೦ ಫೆಬ್ರವರಿ

ಗೆ, ಗಯಾಸ.

ವಿಷಯ: ನೀನು ಸಿಕ್ಕಿಬಿದ್ದ ಕುರಿತು.

ನಿನ್ನ ಎರಡೂ ಟೈಪು ಕಾಗದಗಳಲ್ಲಿ 'ರ' ಅಕ್ಷರ ಸಾಲು ಬಿಟ್ಟು ಒಂದು ಕೂದಲೆಳೆ ಮೇಲೆ ಹಾರಿದೆ. 'ಳ' ಅಕ್ಷರಕ್ಕೆ ಅರ್ಧವೇ ಮಸಿ. ಟ್ರಂಕಿನಿಂದ ಅಬ್ಬಾನ ಹಳೆಯ ಅರ್ಜಿಗಳನ್ನು ತೆಗೆದು ಪಕ್ಕಕ್ಕಿಟ್ಟು ನೋಡಿದೆ. ಅದೇ ಹಾರು, ಅದೇ ಅರ್ಧ ಮಸಿ. ಆ 'ರ' ಸರಿ ಮಾಡಿಸಿ ಎಂದು ನಾನು ಎಷ್ಟು ಸಲ ಹೇಳಿದ್ದೆ. "ಇರಲಿ ಬಿಡವಾ, ನನ್ನ ಅರ್ಜಿ ಅಂತ ಗುರ್ತಾದ್ರೂ ಸಿಗತದ" ಎನ್ನುತ್ತಿದ್ದರು. ಸಿಕ್ಕಿತು ನೋಡು ಗುರುತು.

ಮಶೀನು ಮಾರಿಲ್ಲ. ನಿನ್ನ ಹತ್ತಿರವೇ ಇದೆ. ಹದಿನಾಲ್ಕು ತಿಂಗಳು ಅದು ಹೋಯಿತೆಂದು ನಾನು ಅತ್ತಿದ್ದೇನೆ ಗಯಾಸ, ಯಾವ ಗುಜರಿಯಲ್ಲಿ ಬಿದ್ದಿದೆಯೋ ಎಂದು. ಆ ಸಿಟ್ಟಿಗೆ ತಮ್ಮನನ್ನೇ ಬಿಟ್ಟು ಕೂತಿದ್ದೇನೆ. ನೀನು ಅದನ್ನು ಅಂಗಡಿಯಲ್ಲಿಟ್ಟುಕೊಂಡು ಟಕಟಕ ಹೊಡೆಯುತ್ತಿದ್ದೆ. ನನಗೆ ಯಾಕೆ ಹೀಗೆ ಮಾಡಿದೆ?

೨೪ರ ಬೆಳಿಗ್ಗೆ ಒಂಬತ್ತಕ್ಕೆ ಮಶೀನು ಗಿಡದ ಬುಡಕ್ಕೆ ಬರಬೇಕು. ಅದಕ್ಕೆ ಚಾರ್ಜೂ ಬೇಡ, ಹುಕುಮ್ಮೂ ಬೇಡ. ನೀನು ಬರುವ ಅಗತ್ಯವಿಲ್ಲ.

ಮದೀನಾಬೀ


ಯಾದಗಿರಿ
೨೨ ಫೆಬ್ರವರಿ

ಆಪಾ,

ಬೆರಳು ವಾಸಿಯಾಗಿದೆ, ಕೈಯಲ್ಲೇ ಬರೆಯುತ್ತಿದ್ದೇನೆ. ಮುಜಫರನ ಹತ್ತಿರ ಮಶೀನಿಲ್ಲ, ಅವನದು ಚಪ್ಪಲಿ ಅಂಗಡಿ.

ಅಬ್ಬಾ ನಿನಗೆ ಗಿಡ ಕೊಟ್ಟರು, ಸ್ಟೂಲು ಕೊಟ್ಟರು, ಗಿರಾಕಿ ಕೊಟ್ಟರು, ಅಕ್ಷರ ಕೊಟ್ಟರು. ನನಗೆ "ನಿನ್ನ ತಲೀಗೆ ಇದು ಹತ್ತಂಗಿಲ್ಲ, ರೇಡಿಯೋ ರಿಪೇರಿ ಕಲಿ" ಎಂದು ಯಾದಗಿರಿಗೆ ಕಳಿಸಿದರು. ಅವರು ಹೋದ ಮೇಲೆ ನನ್ನ ಪಾಲಿಗೆ ಅವರದೆಂದು ಒಂದು ಗುಂಡಿಯೂ ಇರಲಿಲ್ಲ. ಕೇಳಿದರೆ ನೀನು ಕೊಡುತ್ತಿರಲಿಲ್ಲ. ಅದಕ್ಕೇ ಮಾರಿದೆ ಎಂದೆ. ಗಿರಾಕಿ ಇಲ್ಲದಾಗ ಒಂದು ಸಾಲು ಹೊಡೆಯುತ್ತೇನೆ. ಅಬ್ಬಾ ಮಗ್ಗುಲಲ್ಲಿ ಕೂತು ಕೆಮ್ಮಿದ ಹಾಗೆ ಅನ್ನಿಸುತ್ತದೆ. ಅಷ್ಟೇ ಆಪಾ, ಬೇರೇನೂ ಇಲ್ಲ. ತಪ್ಪಾಯಿತು.

ಸೋಮವಾರ ಮೊದಲ ಬಸ್ಸಿಗೆ ಮಶೀನು ಬರುತ್ತದೆ. ನಾನು ಬರುವುದಿಲ್ಲ.

ಗಯಾಸ


ಸುರಪುರ, ಬೇವಿನ ಗಿಡದ ಬುಡ
೨೪ ಫೆಬ್ರವರಿ. ಒಂದು ಮೊಳ ದೂರದಲ್ಲಿ ಕೂತು ಕೊಟ್ಟು ತೆಗೆದುಕೊಂಡ ಚೀಟಿಗಳು.

೯.೧೦. ಮಶೀನು ಬರಲಿ ಎಂದಿದ್ದೆ, ನಿನ್ನನ್ನು ಯಾರು ಕರೆದರು? —ಮ

ಅರುಣಕುಮಾರ ಸಾಮಾನಿನ ಜೊತೆ ಒಬ್ಬ ಜವಾಬ್ದಾರ ಇರಬೇಕು ಅಂದ. —ಗ

ಬಂದದ್ದು ಗಿಡಕ್ಕೆ, ಮನೆಗಲ್ಲ. ಮಾತಿಲ್ಲ. ಏನಿದ್ದರೂ ಚೀಟಿಯಲ್ಲಿ ಬರಿ. —ಮ

೧೦.೩೦. ಮೂವತ್ತೊಂದು ಜನ ಬಂದಿದ್ದಾರೆ. acpi ೭೮ ಅನ್ನುತ್ತದೆ. ಲ್ಯಾಪ್‌ಟಾಪಿನಲ್ಲೇ ಶುರು ಮಾಡುತ್ತೇನೆ, ಬೇಗ ಆಗುತ್ತದೆ. —ಮ

ಬೆಳಕು ಇಳಿಸು. ಚಾದರ ನಾನು ಹಿಡಿಯುತ್ತೇನೆ. —ಗ

೧೨.೧೫. ೪೯. ಶೇಖಮ್ಮ ಕೇಳುತ್ತಿದ್ದಾಳೆ, "ಯಕ್ಕಾ, ಈ ಪುಣ್ಯಾತ್ಮ ಮೂಕನೇನ?" ಎಂದು. ಹೌದು ಎಂದಿದ್ದೇನೆ. —ಮ

ಯಾಕೆ ಹಾಗೆ ಹೇಳಿದೆ? ಆಕೆ ನನ್ನ ತಲೆ ಸವರುತ್ತಿದ್ದಾಳೆ. —ಗ

ಅಂಗವಿಕಲರ ವೇತನಕ್ಕೆ ನಿನ್ನದೂ ಒಂದು ಅರ್ಜಿ ಹಾಕು ಎನ್ನುತ್ತಾಳೆ. ಸುಮ್ಮನೆ ಚಾದರ ಹಿಡಿ. —ಮ

೨.೧೫. ೩೨ ಇದೆ, ಇನ್ನೂ ಸಾಕಷ್ಟಿದೆ. —ಮ

ನಂಬಬೇಡ. ನಲವತ್ತರ ಕೆಳಗೆ ಅದು ಹೇಳುವುದೆಲ್ಲ ಸುಳ್ಳು. —ಗ

ನಿನ್ನ ಅಂಗಡಿಯಲ್ಲಿ ಬೆಳೆದದ್ದಲ್ಲವೇ. —ಮ

೨.೨೦. ಸತ್ತಿತು. ಇನ್ನೂ ಒಂಬತ್ತು ಜನ ಇದ್ದಾರೆ. ಅಮೀನುದ್ದೀನ ಬಾಗಿಲಿಗೆ ಬಂದು ನಿಂತು, ಇಲ್ಲಿ ಬರ್ರಿ ಎಂದು ಕೈ ಮಾಡುತ್ತಿದ್ದಾನೆ. ಇಬ್ಬರು ಎದ್ದರು. —ಮ

ಮಶೀನು ನಿನ್ನ ಕಡೆ ತಿರುಗಿಸಿದ್ದೇನೆ. ಕಾಗದ ಹಾಕಿದ್ದೇನೆ. ಹೊಡಿ. —ಗ

ಇದನ್ನು ಮುಟ್ಟಿ ಹದಿನಾಲ್ಕು ತಿಂಗಳಾಯಿತು, ಯಾವ ಅಕ್ಷರ ಎಲ್ಲಿದೆಯೋ. —ಮ

ನಿನ್ನ ಕೈಗೆ ಎಲ್ಲಾ ನೆನಪಿರುತ್ತದೆ ಆಪಾ. ಒಂದು ಸಾಲು ಹೊಡಿ, ಸದ್ದಿಗೆ ಎದ್ದವರೂ ಕೂರುತ್ತಾರೆ. —ಗ

೫.೦೫. ಮೂವತ್ತೊಂದೂ ಮುಗಿದವು. ಎದ್ದಿದ್ದ ಇಬ್ಬರದೂ ಸೇರಿ. ಕೊನೆಯದು ಶೇಖಮ್ಮನದು, ತನ್ನ ಗಂಡನ ಹೆಸರನ್ನು ಮುಟ್ಟಿ ಮುಟ್ಟಿ ನೋಡಿದಳು. ನೀನು ಅಳುವುದಿದ್ದರೆ ಆ ಕಡೆ ತಿರುಗಿ ಅಳು, ಜನ ನೋಡುತ್ತಾರೆ. —ಮ

ಬೇವಿನ ಎಲೆ ಕಣ್ಣಿಗೆ ಬಿತ್ತು. —ಗ

ಕೊನೆಯ ಬಸ್ಸು ಹೊರಡುತ್ತದೆ. ಮಶೀನು ಎತ್ತಿಕೊಂಡು ಹೋಗು. ನಾನಿನ್ನೂ ಏನೂ ತೀರ್ಮಾನ ಮಾಡಿಲ್ಲ. —ಮ


ಯಾದಗಿರಿ
೨೫ ಫೆಬ್ರವರಿ

ಗೆ,
ಮಾನ್ಯ ಮದೀನಾಬೀ ಅವರು, ಅರ್ಜಿ ಬರೆಯುವವರು, ಸುರಪುರ.

ವಿಷಯ: ಮಾತು ಬಿಟ್ಟಿದ್ದನ್ನು ರದ್ದು ಮಾಡುವ ಕುರಿತು.

ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ನಾನು ತಮ್ಮ ಖಾಯಂ ತಮ್ಮನಾಗಿದ್ದು, ತಾವು ಮಾತು ಬಿಟ್ಟಾಗಿನಿಂದ ಬಹಳ ತೊಂದರೆಯಲ್ಲಿರುತ್ತೇನೆ. ಸುಳ್ಳು ಹೇಳಿದ್ದು ನಿಜವಾಗಿರುತ್ತದೆ. ಮಶೀನು ಮನೆಗೆ ಬರಬೇಕೆಂಬ ತಮ್ಮ ಷರತ್ತಿನಂತೆ ಅದನ್ನು ಈ ಅರ್ಜಿಗೆ ಲಗತ್ತಿಸಿದ್ದೇನೆ. ಅರುಣಕುಮಾರ ಮನೆಯ ಬಾಗಿಲಿಗೇ ತಂದು ಇಳಿಸುತ್ತಾನೆ. ಇನ್ನು ಮುಂದೆ ಅದು ತಮ್ಮದೇ. ನಾನು ಕೇಳುವುದಿಲ್ಲ.

ದಯಮಾಡಿ ಪರಿಶೀಲಿಸಬೇಕು.

ತಮ್ಮ ವಿಶ್ವಾಸಿ,
ಗಯಾಸ

ಲಗತ್ತು: ೧. ಅಬ್ಬಾನ ಮಶೀನು. ೨. ಬ್ಯಾಟರಿ. ಈ ಸಲ ಹೊಸದು. upower -d ಹೊಡೆದು ನೋಡಿಕೊಳ್ಳುವುದು.


ಸುರಪುರ
೨೭ ಫೆಬ್ರವರಿ

ಹಿಂಬರಹ

ನಿನ್ನ ಅರ್ಜಿ ಮತ್ತು ಲಗತ್ತುಗಳು ಮುಟ್ಟಿವೆ. ಬ್ಯಾಟರಿಯನ್ನು ವಿಚಾರಿಸಿದೆ. ೪೭ಕ್ಕೆ ೪೭ ಎಂದಿತು.

ಮಶೀನು ನಿನ್ನೆ ಮಧ್ಯಾಹ್ನ ಮನೆಗೆ ಬಂತು. ಅಬ್ಬಾ ಕೂರುತ್ತಿದ್ದ ಕಿಟಕಿಯ ಹತ್ತಿರ ಇಟ್ಟೆ. ಒಂದು ದಿನ ಇದ್ದರೂ ಮನೆಗೆ ಬಂದದ್ದು ಬಂದದ್ದೇ, ಷರತ್ತು ತೀರಿತು. ಇಂದು ಅದೇ ಬಸ್ಸಿಗೆ ವಾಪಸ್ ಕಳಿಸುತ್ತಿದ್ದೇನೆ. ಅದು ನಿನ್ನ ಪಾಲು, ನಿನ್ನ ಹತ್ತಿರವೇ ಇರಲಿ. ತಿಂಗಳಿಗೊಂದು ಸೋಮವಾರ ಗಿಡದ ಬುಡಕ್ಕೆ ಎತ್ತಿಕೊಂಡು ಬರತಕ್ಕದ್ದು. ಬಾಯಿ ತೆರೆದು ಮಾತಾಡಿದರೆ ಶೇಖಮ್ಮ ಹೌಹಾರುತ್ತಾಳೆ, ಅದಕ್ಕೆ ನೀನೇ ಹೊಣೆ.

ನಿನ್ನ ಅರ್ಜಿಯಲ್ಲಿ ಹದಿಮೂರು ತಪ್ಪು ಹೊಡೆದಿದ್ದೀಯ. ಅಬ್ಬಾ ಇದ್ದಿದ್ದರೆ ಮುಖಕ್ಕೆ ಎಸೆದು ಮತ್ತೆ ಬರೆಸುತ್ತಿದ್ದರು. ನಾನು ಅದನ್ನು ಟ್ರಂಕಿನಲ್ಲಿ, ಅವರ ಅರ್ಜಿಗಳ ಮೇಲೆ, ತಿದ್ದದೆ ಇಟ್ಟಿದ್ದೇನೆ.

ಇನ್ನ ಕಾಗದ ಸಾಕೋ ಗಯಾಸ. ನಾಳಿ ಜುಮ್ಮಾ ನಮಾಜ್ ಮುಗಿಸಿ ಫೋನ್ ಮಾಡು. ಎತ್ತತೀನಿ.

ನಿನ್ನ ಆಪಾ